ತೊಳೆದ ಜಾಡಿಯ ಮೇಲ್ಮನವಿ

ನವೆಂಬರ್ 14, 2002, ಗುರುವಾರ

ಆರು ತಿಂಗಳು ಜೈಲು. ಅಂಚೆಯ ಮೂಲಕ ವಂಚನೆ ಮಾಡಿದ ಅಪರಾಧಕ್ಕೆ. ಮೇಲ್ಮನವಿ ತೀರ್ಮಾನವಾಗುವವರೆಗೆ ಮನೆಯಲ್ಲೇ ಇರಬಹುದಂತೆ, ಜಡ್ಜ್ ಸಾಹೇಬರ ದೊಡ್ಡ ಮನಸ್ಸು. ಮೂವತ್ತೊಂದು ವರ್ಷ ಕೋಲ್ಟರ್ ಕ್ರೀಕಿನ ಶಾಲಾ ಬಸ್ಸು ಓಡಿಸಿದ್ದೇನೆ. ಮೊಂಟಾನಾದ ಹಿಮದಲ್ಲಿ ಒಂದು ದಿನವೂ ಬಸ್ಸು ಚರಂಡಿಗೆ ಇಳಿದಿಲ್ಲ, ಒಂದು ಮಗುವಿನ ಟೋಪಿಯೂ ಕಳೆದಿಲ್ಲ. ಈಗ ಅರವತ್ತನಾಲ್ಕನೇ ವಯಸ್ಸಿನಲ್ಲಿ ಕಾಗದದ ಮೇಲೆ 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಲೋರ್ನಾ ಹೌಗೆನ್' ಎಂದು ಅಚ್ಚಾಗಿದೆ. ಇಡೀ ದೇಶ ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ.

ಕೇಸಿನ ವಿಚಾರ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದಿದ್ದಾರೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ, ಅದಕ್ಕೇ ಈ ಪುಸ್ತಕ. ಬಸ್ಸಿನ ಹಳೆಯ ರಿಜಿಸ್ಟರಿದು. 'ಹತ್ತಿದವರು', 'ಇಳಿದವರು' ಎಂದು ಗೆರೆ ಎಳೆದದ್ದರ ಮೇಲೇ ಬರೆಯುತ್ತಿದ್ದೇನೆ.

ಸಾಕ್ಷಿ ನಂಬರ್ ನಾಲ್ಕು ಕೋರ್ಟಿನ ಮೆಟ್ಟಿಲ ಬಳಿ ನಿಂತು ನನ್ನ ಕಡೆ ಕೈ ಎತ್ತಿದಳು. ನಾನು ಆಕಾಶ ನೋಡಿದೆ. ಅವಳು ನನ್ನ ಒಡಹುಟ್ಟಿದ ತಂಗಿ ಎಂಬುದು ಕೋರ್ಟಿನ ದಾಖಲೆಯಲ್ಲಿದೆ. ನನ್ನ ಪುಸ್ತಕದಲ್ಲಿ ಅವಳ ಹೆಸರು ಬರುವುದಿಲ್ಲ.

ನವೆಂಬರ್ 17, ಭಾನುವಾರ

ಭಾನುವಾರ ಜಾಡಿಗೆ, ಅಂದರೆ ಅದರಲ್ಲಿರುವ ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟಿನ ಹೆಪ್ಪಿಗೆ, ಉಣಿಸುವ ದಿನ. ಅರ್ಧ ಹೆಪ್ಪು ತೆಗೆದು ಬ್ರೆಡ್ಡಿಗೆ, ಉಳಿದರ್ಧಕ್ಕೆ ಒಂದು ಬಟ್ಟಲು ಹಿಟ್ಟು, ಒಂದು ಬಟ್ಟಲು ನೀರು. ಮಧ್ಯಾಹ್ನದ ಹೊತ್ತಿಗೆ ಗುಳ್ಳೆ ಎದ್ದು ಉಬ್ಬಿತು. ಕೇಸು ನಡೆದದ್ದು ಅದಕ್ಕೇನೂ ಗೊತ್ತಿಲ್ಲ.

ನನ್ನ ಕಡೆಯ ಮಾತು ಕೋರ್ಟಿನಲ್ಲಿ ಯಾರೂ ಪೂರ್ತಿ ಕೇಳಲಿಲ್ಲ. ಇಲ್ಲಾದರೂ ಬರೆಯುತ್ತೇನೆ. 1897ರಲ್ಲಿ ನನ್ನ ಮುತ್ತಜ್ಜಿ ಥೋರಾ ಈ ಜಾಡಿಯನ್ನು ಎದೆಗವಚಿಕೊಂಡು ಚಿನ್ನ ಹುಡುಕುವವರ ಜೊತೆ ಕ್ಲಾಂಡೈಕಿನ ಹಿಮದ ಕಣಿವೆ ದಾಟಿದಳು. ಅವಳಿಂದ ಅಜ್ಜಿಗೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ. 1988ರ ಸೆಪ್ಟೆಂಬರಿನಲ್ಲಿ ಅಮ್ಮ ತೀರಿಕೊಂಡಳು. ನಮ್ಮ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಊರಿನ ಹೆಂಗಸರೆಲ್ಲ ತಂದ ಪಾತ್ರೆಗಳನ್ನು ತೊಳೆದು, ತಳಕ್ಕೆ ಅಂಟಿಸಿದ ಹೆಸರು ನೋಡಿ, ಅವರವರಿಗೆ ವಾಪಸು ಕೊಡುವವರೆಗೆ ನಮ್ಮಲ್ಲಿ ಯಾವ ಹೆಂಗಸೂ ಕೂರುವುದಿಲ್ಲ. ಸಾಕ್ಷಿ ನಂಬರ್ ನಾಲ್ಕಂತೂ ಅದರಲ್ಲಿ ಎತ್ತಿದ ಕೈ. ಚರ್ಚಿನದು ಮುಗಿಸಿ ಅಮ್ಮನ ಅಡುಗೆಮನೆಗೆ ಬಂದು ಅಲ್ಲಿದ್ದದ್ದನ್ನೂ ತೊಳೆದಳು. ಜಾಡಿಯನ್ನೂ ತೊಳೆದಳು, ಬಿಸಿನೀರು, ಸೋಪು, ಬ್ಲೀಚು ಹಾಕಿ. "ಅಬ್ಬಾ, ಎಂಥದೋ ಕೊಳೆತು ನಾರ್ತಿತ್ತು ಕಣೆ, ಉಜ್ಜಿ ಉಜ್ಜಿ ಸಾಕಾಯ್ತು" ಎಂದಳು. ಜಾಡಿ ಫಳಫಳ ಹೊಳೆಯುತ್ತಿತ್ತು.

ಯಾರಿಗೂ ಹೇಳಬೇಡ ಎಂದು ಅವಳಿಗೆ ಹೇಳಿದೆ. ಅವಳು ಹೋದ ಮೇಲೆ ಅದೇ ಜಾಡಿಗೆ ಹಿಟ್ಟು ನೀರು ಕಲೆಸಿ ಕಿಟಕಿಯ ಮೇಲಿಟ್ಟೆ. ಒಂಬತ್ತು ದಿನಕ್ಕೆ ಹುಳಿಯಿತು. ಹೆಪ್ಪು ಹೆಪ್ಪೇ ತಾನೇ? ಬಸ್ಸಿನ ಕೆಲಸ ಬಿಟ್ಟ ಮೇಲೆ ಅದನ್ನು ಒಣಗಿಸಿ, ಪುಡಿ ಮಾಡಿ, ಥೋರಾಳ ಕತೆಯ ಚೀಟಿ ಇಟ್ಟು, ಹನ್ನೆರಡು ಡಾಲರಿಗೊಂದು ಪೊಟ್ಟಣದಂತೆ ಅಂಚೆಯಲ್ಲಿ ಕಳಿಸಿದೆ. ಸಾವಿರದ ನೂರ ನಲವತ್ತಮೂರು ಮನೆಗಳಿಗೆ ಹೋಗಿದೆ. ಎಲ್ಲರ ಬ್ರೆಡ್ಡೂ ಉಬ್ಬಿದೆ. ಸುಳ್ಳು ಎಂದರೆ ಬರೀ ತೊಂಬತ್ತೊಂದು ವರ್ಷದ್ದು.

ಪತ್ರಿಕೆಯವನೊಬ್ಬ ನನ್ನ ಮೇಲೆ ಲೇಖನ ಬರೆಯಲು ಅವಳಿಗೆ ಫೋನು ಮಾಡಿ, "ಜಾಡಿಯ ಬಗ್ಗೆ ಏನಾದ್ರೂ ನೆನಪಿದ್ಯಾ?" ಎಂದು ಕೇಳಿದ. ಅವಳಿಗೆ ಇದ್ದ ನೆನಪು ಒಂದೇ.

ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್

ಟರ್ಕಿ ತರಲಿಲ್ಲ, ಒಬ್ಬಳಿಗೆ ಅಷ್ಟು ದೊಡ್ಡ ಹಕ್ಕಿ ಯಾಕೆ. ಬ್ರೆಡ್ಡು, ಸೂಪು. ಬಾಗಿಲ ಹೊರಗೆ ಯಾರೋ ಕುಂಬಳದ ಪೈ ಇಟ್ಟು ಹೋಗಿದ್ದರು. ತಟ್ಟೆಯ ತಳದಲ್ಲಿ 'ಎಂ. ಬ್ರೆಕೆ' ಎಂದು ಅಂಟಿಸಿತ್ತು. ಸಾಕ್ಷಿ ನಂಬರ್ ನಾಲ್ಕರ ತಟ್ಟೆ. ತಿನ್ನಲಿಲ್ಲ.

ನವೆಂಬರ್ 29

ಒಂದು ತುಂಡು ತಿಂದೆ. ಹಾಳು ಮಾಡುವುದೇಕೆ.

ಡಿಸೆಂಬರ್ 5, ಗುರುವಾರ

ಮೇಲ್ಮನವಿಗೆ ಸರಕಾರವೇ ಒಬ್ಬ ವಕೀಲರನ್ನು ಕೊಟ್ಟಿದೆ, ಸಿಯಾಟಲಿನ ಜೆನೀವಾ ಪರ್ಡಿ. ಫೋನಿನಲ್ಲಿ ಗಂಟಲು ಕಟ್ಟಿದ ಹಾಗೆ ಮಾತಾಡುತ್ತಾರೆ, ಆದರೆ ಚುರುಕು. ನಾನು ನಲವತ್ತು ನಿಮಿಷ ಥೋರಾಳಿಂದ ಶುರುಮಾಡಿ ಎಲ್ಲ ಹೇಳಿದೆ. ಮೂವರು ಜಡ್ಜರ ಮುಂದೆ ಯಾವ ಬಟ್ಟೆ ಹಾಕಿಕೊಂಡು ಮಾತಾಡಲಿ ಎಂದೂ ಕೇಳಿದೆ.

"ಮಿಸ್ ಹೌಗೆನ್, ನೀವು ಮಾತಾಡೋ ಹಾಗಿಲ್ಲ" ಎಂದರು.

"ನನ್ನ ಕೇಸು, ನಾನೇ ಮಾತಾಡೋ ಹಾಗಿಲ್ವಾ?"

"ಇಲ್ಲ. ಹೊಸ ಸಾಕ್ಷಿ ಇಲ್ಲ, ಹೊಸ ಮಾತಿಲ್ಲ. ನೀವು ತಪ್ಪು ಮಾಡಿದ್ರಾ ಇಲ್ವಾ ಅಂತ ಅಲ್ಲಿ ಯಾರೂ ಕೇಳೋದೇ ಇಲ್ಲ. ಜಡ್ಜ್ ತಪ್ಪು ಮಾಡಿದ್ರಾ ಅಂತಷ್ಟೇ. ನನಗೆ ಹದಿನೈದು ನಿಮಿಷ, ಅವರಿಗೆ ಹದಿನೈದು ನಿಮಿಷ."

"ಮತ್ತೆ ನಾನೇನ್ ಮಾಡ್ಲಿ?"

"ನೀವು ಬರಲೇಬೇಕು ಅಂತಾನೂ ಇಲ್ಲ."

ಮದುವೆ ಹೆಣ್ಣಿಗೆ ಮಂಟಪಕ್ಕೆ ಬರುವುದು ಬೇಡ ಎಂದ ಹಾಗಾಯಿತು. ಹೋಗಿಯೇ ಹೋಗುತ್ತೇನೆ.

ಫೆಬ್ರವರಿ 20, 2003

ಜೆನೀವಾ ಬರೆದ ಮೇಲ್ಮನವಿಯ ಪ್ರತಿ ಬಂತು. ಐವತ್ತೆರಡು ಪುಟ. ಹದಿನಾಲ್ಕನೇ ಪುಟ ಓದಿ ಕನ್ನಡಕ ತೆಗೆದಿಟ್ಟು ಒಲೆಯ ಹತ್ತಿರ ಹೋಗಿ ನಿಂತೆ. ಅಲ್ಲಿ ಹೀಗಿದೆ: 'ಥೋರಾಳ ಕತೆ ಕೇವಲ ಅಲಂಕಾರ. ವಿವೇಕವುಳ್ಳ ಯಾವ ಗಿರಾಕಿಯೂ ಅದಕ್ಕೆ ಬೆಲೆ ಕೊಡುವುದಿಲ್ಲ.'

ತಕ್ಷಣ ಫೋನು ಮಾಡಿದೆ.

"ಇದೇನ್ರೀ ಇದು? ನೀವು ಯಾರ ಕಡೆ?"

"ನಿಮ್ಮ ಕಡೆನೇ. ಸ್ವಲ್ಪ ಸಮಾಧಾನವಾಗಿ ಕೇಳಿ. ಸುಳ್ಳು ಹೇಳಿದ ಮಾತ್ರಕ್ಕೆ ವಂಚನೆ ಆಗಲ್ಲ. ಆ ಸುಳ್ಳಿಗೆ ತೂಕ ಇರ್ಬೇಕು, ಅದಕ್ಕೆ ಮರುಳಾಗಿ ಜನ ದುಡ್ಡು ಬಿಚ್ಚೋ ಹಾಗಿರ್ಬೇಕು. ತೂಕ ಇತ್ತಾ ಅಂತ ಜಡ್ಜ್ ನಿಮ್ಮ ಜ್ಯೂರಿಯವರನ್ನ ಕೇಳೋದನ್ನೇ ಮರೆತ್ರು. ನಮಗೆ ಸಿಕ್ಕಿರೋದು ಅದೊಂದೇ ಎಳೆ. ಕೇಳಿದ್ರೆ ಅವರು 'ತೂಕ ಇರ್ಲಿಲ್ಲ' ಅಂತಿದ್ರು ಅಂತ ನಾನು ವಾದ ಮಾಡ್ಬೇಕು."

"ಅಂದ್ರೆ ನಮ್ಮ ಮುತ್ತಜ್ಜಿ ಕತೆಗೆ ಕವಡೆ ಕಿಮ್ಮತ್ತಿಲ್ಲ ಅಂತ."

"ಎಷ್ಟು ಕಮ್ಮಿ ಕಿಮ್ಮತ್ತೋ ನಿಮಗೆ ಅಷ್ಟು ಒಳ್ಳೇದು."

ಜನ ಹನ್ನೆರಡು ಡಾಲರ್ ಕೊಟ್ಟದ್ದು ಹಿಟ್ಟಿಗಾ? ಹಿಟ್ಟು ಅವರ ಮನೆಯಲ್ಲೇ ಇತ್ತಲ್ಲ!

ಫೆಬ್ರವರಿ 21

ಏನೂ ಬರೆಯುವ ಮನಸ್ಸಿಲ್ಲ.

ಏಪ್ರಿಲ್ 3, ಗುರುವಾರ

ಸರಕಾರದ ಉತ್ತರ ಬಂತು. ಬರೆದವನು ವಾಲೇಸ್ ಕ್ವಿಗ್ಲಿ, ವಿಚಾರಣೆಯಲ್ಲಿ ನನ್ನನ್ನು 'ಒಲೆಯ ಮುಂದಿನ ವಂಚಕಿ' ಎಂದು ಕರೆದ ಅದೇ ಮನುಷ್ಯ. ಹಲ್ಲು ಕಡಿಯುತ್ತಲೇ ಓದಲು ಕೂತೆ. ಆದರೆ ಏನು ಬರೆದಿದ್ದಾನೆ! 'ಸಾವಿರಾರು ಜನ ಕೊಂಡದ್ದು ಹಿಟ್ಟನ್ನಲ್ಲ. ಹಿಮಗಾಳಿಯಲ್ಲಿ ಜಾಡಿಯನ್ನು ಎದೆಗೊತ್ತಿಕೊಂಡು ನಡೆದ ಒಬ್ಬ ಹೆಂಗಸಿನ ಬದುಕಿನ ಒಂದು ಚೂರನ್ನು.' ಅದನ್ನು ನಿಂತುಕೊಂಡು ಇನ್ನೊಂದು ಸಲ ಗಟ್ಟಿಯಾಗಿ ಓದಿದೆ. ನನ್ನ ವಕೀಲರಿಗಿಂತ ಇವನಿಗೇ ನಮ್ಮ ಮನೆತನದ ಮೇಲೆ ಹೆಚ್ಚು ಗೌರವ. ಮೂರು ಪುಟದವರೆಗೆ ನಾನು ಜೈಲಿಗೆ ಹೋಗಬೇಕಾದವಳು ಎಂಬುದೇ ಮರೆತುಹೋಯಿತು.

ಆಮೇಲೆ ಏಳನೇ ಅಡಿಟಿಪ್ಪಣಿ. ಇರುವೆಯಷ್ಟು ಸಣ್ಣ ಅಕ್ಷರ. '1897ರಿಂದ 1901ರವರೆಗಿನ ದಾಖಲೆಗಳ ಪ್ರಕಾರ ಥೋರಾ ಹೌಗೆನ್ ಸ್ಪೋಕೇನ್ ನಗರದಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಆಕೆ ಕ್ಲಾಂಡೈಕಿಗೆ ಹೋದದ್ದಕ್ಕೆ ಯಾವ ಪುರಾವೆಯೂ ಇಲ್ಲ.'

ಏಪ್ರಿಲ್ 6, ಭಾನುವಾರ

ಉಣಿಸಿದೆ. ಬ್ರೆಡ್ಡು ಮಾಡಲಿಲ್ಲ.

ಹೆಪ್ಪಿನ ವಿಷಯದಲ್ಲಿ ಸುಳ್ಳು ಹೇಳಿದ್ದು ನನಗೆ ಗೊತ್ತು. ಥೋರಾಳ ವಿಷಯದಲ್ಲಿ ನನಗೆ ಸುಳ್ಳು ಹೇಳಿದವರು ಯಾರು? ಬಾಲ್ಯದಿಂದ ಆ ಕಣಿವೆಯಲ್ಲಿ ಅವಳ ಜೊತೆ ನಾನೂ ನಡೆದಿದ್ದೇನೆ. ಚಳಿಗೆ ಬಸ್ಸು ಸ್ಟಾರ್ಟ್ ಆಗದ ಬೆಳಗ್ಗೆಗಳಲ್ಲಿ ಅವಳನ್ನು ನೆನೆಸಿಕೊಂಡೇ ಹೊರಬಿದ್ದಿದ್ದೇನೆ. ತುಂಬಾ ಬೇಜಾರಾಗಿದೆ. ಜೈಲಿನ ಮಾತು ಕೇಳಿದಾಗ ಇಷ್ಟು ಆಗಿರಲಿಲ್ಲ.

ಮೇ 11, ಭಾನುವಾರ

ಸೋತರೆ ಆರು ತಿಂಗಳು ಜಾಡಿಗೆ ಉಣಿಸುವವರು ಯಾರು? ಇದನ್ನು ಮೊದಲೇ ಯೋಚಿಸಬೇಕಿತ್ತು. ಇಪ್ಪತ್ತಾರು ವಾರ. ಎರಡು ವಾರ ಮರೆತರೂ ಕಥೆ ಮುಗಿಯಿತು, ಹದಿನಾಲ್ಕು ವರ್ಷ ನಾನು ಸಾಕಿದ್ದು ಹೋಗುತ್ತದೆ.

ಚರ್ಚಿನಲ್ಲಿ ಕಾಫಿಯ ಹೊತ್ತಿಗೆ ಕೆಲವರನ್ನು ಪರೀಕ್ಷಿಸಿದೆ. ಇರ್ಮಾ ಸ್ಕೂಗ್ ಮನೆಯಲ್ಲಿ ಏಳು ಬೆಕ್ಕು. ಪಾದ್ರಿಗಳು "ಪ್ರಾರ್ಥನೆ ಮಾಡೋಣ" ಎಂದರು. ಜಾಡಿಗೆ ಬೇಕಾದ್ದು ಹಿಟ್ಟು. ಗ್ಲ್ಯಾಡಿಸ್ ಟೋರ್ವಿಕ್ ಒಪ್ಪಿದಳು, ಆದರೆ ಅವಳ ಮನೆಯ ಒಣಗಿದ ಜೆರೇನಿಯಂ ಗಿಡಗಳನ್ನು ನಾನು ನೋಡಿದ್ದೇನೆ.

ಸಿಂಕಿನ ಹತ್ತಿರ ಸಾಕ್ಷಿ ನಂಬರ್ ನಾಲ್ಕು ಕಪ್ಪು ತೊಳೆಯುತ್ತಿದ್ದಳು. ಯಾರೂ ಕೇಳದಿದ್ದರೂ "ನಾನು ನೋಡ್ಕೋತೀನಿ" ಎಂದಳು, ಬೆನ್ನು ತಿರುಗಿಸಿಕೊಂಡೇ. ಬೆಕ್ಕಿನ ಕೈಗೆ ಹಾಲಿನ ಪಾತ್ರೆ! ನಾನು ಕೋಟು ಹಾಕಿಕೊಂಡು ಹೊರಟು ಬಂದೆ.

ಜೂನ್ 2, ಸೋಮವಾರ

ಮಾರ್ಲಿಸ್‌ಗೆ ಫೋನು ಮಾಡಿದೆ. ಹೌದು, ಸಾಕ್ಷಿ ನಂಬರ್ ನಾಲ್ಕು. ಅಮ್ಮನ ಕಾಗದಪತ್ರದ ಪೆಟ್ಟಿಗೆ ಅವಳ ಮನೆಯಲ್ಲಿದೆ, ಅದಕ್ಕಷ್ಟೇ. ಬೇರೇನೂ ಮಾತಾಡಬಾರದು ಎಂದುಕೊಂಡೇ ಮಾಡಿದೆ.

"ಥೋರಾ ಕ್ಲಾಂಡೈಕಿಗೆ ಹೋಗಿದ್ಲಾ ಇಲ್ವಾ?"

"ಇಲ್ಲ" ಎಂದಳು. ಅವಳಿಗೆ ಮುಚ್ಚಿಟ್ಟು ಮಾತಾಡಿ ಗೊತ್ತೇ ಇಲ್ಲ. "ಸ್ಪೋಕೇನಿನಲ್ಲಿ ಚಿನ್ನದವರ ಬಟ್ಟೆ ಒಗೀತಿದ್ಲು. ಒಬ್ಬ ಹೊರಡೋ ಮುಂಚೆ ಜಾಡಿ ಕೊಟ್ಟು, ಬರೋವರೆಗೂ ಇದಕ್ಕೆ ಹಿಟ್ಟು ಹಾಕ್ತಿರು ಅಂದನಂತೆ. ಅವನು ಬರ್ಲೇ ಇಲ್ಲ. ಇವಳು ಹಾಕ್ತಾನೇ ಇದ್ಲು. ಅಮ್ಮ ನಂಗೆ ಹೇಳಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಆ ಕಣಿವೆ ಕತೆ ಹೇಳ್ವಾಗ ನಿನ್ನ ಮುಖ ನೋಡ್ಬೇಕಿತ್ತು ಕಣೆ. ಅಮ್ಮಂಗೆ ಮನಸ್ಸು ಬರ್ಲಿಲ್ಲ."

ಆಮೇಲೆ ಹೇಳಿದಳು, "ನೋಡು, ಥೋರಾನೂ ಒಗೆಯೋಳೇ. ತೊಳೆಯೋದು ನಮ್ಮ ರಕ್ತದಲ್ಲೇ ಇದೆ. ನಂದೊಬ್ಬಳದೇ ತಪ್ಪಲ್ಲ."

ನಗು ಬಂತು. ಕೆಮ್ಮಿದ ಹಾಗೆ ಮಾಡಿ ಫೋನಿಟ್ಟೆ.

ನವೆಂಬರ್ 4, 2003, ಮಂಗಳವಾರ. ಸಿಯಾಟಲ್, ಹೆದ್ದಾರಿ ಬದಿಯ ಮೋಟೆಲ್

ನಾಳೆ ವಾದ. ಬೆಳಗ್ಗೆ ನನ್ನ ಪಿಕಪ್ಪಿನ ಗೇರು ಕೈಕೊಟ್ಟಿತು. ರಸ್ತೆಯಲ್ಲಿ ನಿಂತು ಅದನ್ನು ಬಯ್ಯುತ್ತಿದ್ದಾಗ ಮಾರ್ಲಿಸಳ ಕಾರು ಬಂದು ನಿಂತಿತು. ಯಾರು ಹೇಳಿದರೋ, ಗ್ಲ್ಯಾಡಿಸಳೇ ಇರಬೇಕು.

"ಹತ್ತು, ಹತ್ತು. ಬಾಗಿಲು ಹಾಕು, ಬಿಸಿ ಎಲ್ಲ ಹೋಗ್ತಿದೆ."

ಜಾಡಿಯನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದೆ. ಮನೆಯಲ್ಲಿ ಒಲೆ ಆರಿಸಿ ಬಂದರೆ ನೀರು ಹೆಪ್ಪುಗಟ್ಟುವ ಚಳಿ, ಬಿಟ್ಟು ಬರುವ ಹಾಗಿರಲಿಲ್ಲ. ಎಂಟು ಗಂಟೆಯ ದಾರಿ. ಮೊದಲ ಎರಡು ಗಂಟೆ ಇಬ್ಬರೂ ರೇಡಿಯೋ ಕೇಳಿದೆವು. ಹೀಟರು ಜೋರಾಗಿತ್ತು. ಸ್ಪೋಕೇನ್ ಸಮೀಪಿಸಿದಾಗ ಹಿಂದೆ ಏನೋ ಗೊರಗೊರ ಎಂದಿತು. ತಿರುಗಿ ನೋಡಿದರೆ ಜಾಡಿ ಉಕ್ಕಿ, ಮುಚ್ಚಳ ತಳ್ಳಿ, ಸೀಟಿನ ಮೇಲೆ ಹರಿಯುತ್ತಿದೆ. ಮಾರ್ಲಿಸ್ ಗಕ್ಕನೆ ಕಾರು ನಿಲ್ಲಿಸಿದಳು. ಅವಳ ಕೈ ತಾನಾಗಿಯೇ ಬಟ್ಟೆಯ ಕಡೆ ಹೋಯಿತು.

"ಒರೆಸಬೇಡ!" ಎಂದು ಕಿರುಚಿದೆ.

ಅವಳು ಬಟ್ಟೆ ಹಿಡಿದುಕೊಂಡೇ ನಿಂತಳು. ಅರವತ್ತು ದಾಟಿದ ಹೆಂಗಸು, ಬೈಸಿಕೊಂಡ ಮಗುವಿನ ಹಾಗೆ. "ನಂಗೆ ಗೊತ್ತಿರ್ಲಿಲ್ಲ ಕಣೆ ಲೋರ್ನಾ. ಅವತ್ತು ಅಮ್ಮ ಇರ್ಲಿಲ್ಲ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಸಿಕ್ಕಿದ್ದೆಲ್ಲ ತೊಳೆದೆ."

ಹದಿನೈದು ವರ್ಷದಲ್ಲಿ ನಾನು ಇದನ್ನು ಅವಳಿಗೆ ಕೇಳಿರಲೇ ಇಲ್ಲ. ಸೀಟಿನ ಮೇಲಿದ್ದದ್ದನ್ನು ಇಬ್ಬರೂ ಚಮಚದಲ್ಲಿ ಬಾಚಿ ಜಾಡಿಗೆ ತುಂಬಿದೆವು. ಬಾಚಲಾಗದ್ದನ್ನು ಒರೆಸು ಎಂದೆ. ಕಾರು ಇಡೀ ಬಿಯರಿನ ಅಂಗಡಿಯ ವಾಸನೆ.

ರಿಜಿಸ್ಟರಿನಲ್ಲಿ, ಹತ್ತಿದವರು: ಒಬ್ಬಳು ಮತ್ತು ಜಾಡಿ.

ನವೆಂಬರ್ 5, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮಾನ ಹೋದರೆ ಹೋಗಲಿ.

ಮೂವರು ಜಡ್ಜರು ಎತ್ತರದಲ್ಲಿ. ನಾವು ಹಿಂದಿನ ಬೆಂಚಿನಲ್ಲಿ. ಜೆನೀವಾ ಎದ್ದು, "ಮಾನ್ಯರೇ, ಗಿರಾಕಿಗೆ ಬೇಕಾದದ್ದು ಬ್ರೆಡ್ಡು. ಬ್ರೆಡ್ಡು ಉಬ್ಬಿತು. ಕತೆ ಯಾರಿಗೂ ಬೇಕಿರಲಿಲ್ಲ" ಎಂದರು.

ಮಧ್ಯದಲ್ಲಿದ್ದ ಬಿಳಿಕೂದಲಿನ ಜಡ್ಜಮ್ಮ ಕೇಳಿದರು, "ಹಾಗಿದ್ರೆ ಚೀಟಿಯಲ್ಲಿ ಮುತ್ತಜ್ಜಿಗೆ ಹನ್ನೆರಡು ಸಾಲು, ಬ್ರೆಡ್ಡಿಗೆ ನಾಲ್ಕೇ ಸಾಲು ಯಾಕೆ?"

ಒಳ್ಳೆಯ ಪ್ರಶ್ನೆ. ಜೆನೀವಾ ಏನೋ ಹೇಳಿ ಸರಿಮಾಡಿದರು.

ಆಮೇಲೆ ಕ್ವಿಗ್ಲಿ. ಕುಳ್ಳಗಿನ ಮನುಷ್ಯ, ಮೈಕಿನ ಕತ್ತು ಬಗ್ಗಿಸಿಕೊಂಡು ಮೆಲ್ಲಗೆ ಶುರುಮಾಡಿದ. ಒಹಾಯೋದ ಮಿಸೆಸ್ ಡೀಟ್ಸ್‌ಳನ್ನು ನೆನಪಿಸಿದ. ಪತ್ರಿಕೆಯ ಲೇಖನ ಓದಿ ಮೊದಲು ದೂರು ಕೊಟ್ಟವಳು ಆಕೆಯೇ. ವಿಚಾರಣೆಯಲ್ಲಿ ಕಂದು ಟೋಪಿ ಹಾಕಿಕೊಂಡು ಬಂದು, "ನನ್ನ ಮೊಮ್ಮಕ್ಕಳಿಗೆ ಈಗ ಏನು ಹೇಳ್ಲಿ?" ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಒಂದು ಪೊಟ್ಟಣಕ್ಕೆ ಅಷ್ಟು ಅಳು ಯಾಕೆಂದು ನನಗೆ ಆಗಲೂ ಅರ್ಥವಾಗಿರಲಿಲ್ಲ. ಕ್ವಿಗ್ಲಿ ಅಲ್ಲಿಂದ ಥೋರಾಳಿಗೆ ಬಂದ. ಕಣಿವೆ, ಗಾಳಿ, ಎದೆಯ ಬಿಸಿಗೆ ಬದುಕುಳಿದ ಹೆಪ್ಪು. "ಇದಕ್ಕೆ ತೂಕವಿಲ್ಲ ಅಂತ ಹೇಳೋ ಧೈರ್ಯ ಯಾರಿಗಿದೆ? ಇದಕ್ಕೇ ಅಲ್ವೇ ಜನ ದುಡ್ಡು ಕೊಟ್ಟದ್ದು?" ಎಂದ.

"ಹೌದು!" ಎಂದೆ ನಾನು.

ಗಟ್ಟಿಯಾಗಿಯೇ ಬಂದುಬಿಟ್ಟಿತು. ಮಾರ್ಲಿಸ್ ನನ್ನ ತೊಡೆ ಹಿಂಡಿದಳು. ಮೂವರು ಜಡ್ಜರೂ ನನ್ನ ಕಡೆ ನೋಡಿದರು. ಕೋರ್ಟಿನ ಪೇದೆ ಬಂದು, ಇನ್ನೊಂದು ಸಲ ಬಾಯಿ ತೆರೆದರೆ ಹೊರಗೆ ಎಂದ. ಜೆನೀವಾ ತಿರುಗಲಿಲ್ಲ, ಕತ್ತು ಮಾತ್ರ ಕೆಂಪಾಯಿತು. ನನ್ನ ಗಲ್ಲ ಒದ್ದೆಯಾಗಿದ್ದದ್ದು ಆಮೇಲೆ ಗೊತ್ತಾಯಿತು.

ಹೊರಗೆ ಬಂದು ಜೆನೀವಾ ಹೇಳಿದರು, "ಇಪ್ಪತ್ತೆರಡು ವರ್ಷದಲ್ಲಿ ಎದುರು ಪಕ್ಷದ ವಾದಕ್ಕೆ ಕಣ್ಣೀರು ಹಾಕಿದ ಕಕ್ಷಿದಾರರನ್ನ ನಾನು ನೋಡಿರ್ಲಿಲ್ಲ."

ಮಾರ್ಲಿಸ್ ನಡುವೆ ಬಂದಳು. "ಅವಳನ್ನ ಬಯ್ಬೇಡಿ. ಅದು ಅವಳು ಬರೆದ ಚೀಟಿ. ಚೆನ್ನಾಗಿ ಓದಿದ್ರು, ಅದಕ್ಕೆ ಅತ್ಲು."

ದಾರಿಯಲ್ಲಿ ಬರುವಾಗ ಯೋಚಿಸಿದೆ. ಸರಕಾರವೇ ಸರಿ ಹೇಳಿತು. ಕತೆಗೇ ಕೊಂಡರು. ಕತೆ ನಿಜವಾಗಿರಲಿಲ್ಲ. ಇವೆರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ್ದು ಇದೇ ಮೊದಲು.

ನವೆಂಬರ್ 16, ಭಾನುವಾರ

ಮಾರ್ಲಿಸ್‌ಗೆ ಉಣಿಸುವುದನ್ನು ಹೇಳಿಕೊಡುತ್ತಿದ್ದೇನೆ, ಸೋತರೆ ಇರಲಿ ಎಂದು. ಚಮಚ ತೊಳೆಯಲು ಬಿಡುತ್ತೇನೆ, ಜಾಡಿ ಮುಟ್ಟುವಾಗ ಪಕ್ಕದಲ್ಲೇ ನಿಂತು ಅವಳ ಕೈ ಕಾಯುತ್ತೇನೆ. "ಜೈಲು ವಾರ್ಡನ್ ಹಾಗೆ ನಿಂತಿದೀಯಲ್ಲೇ, ಅಭ್ಯಾಸ ಮಾಡ್ಕೋತಿದೀಯಾ?" ಎಂದಳು.

ಫೆಬ್ರವರಿ 18, 2004, ಬುಧವಾರ

ಗೆದ್ದೆವು! ಇಬ್ಬರು ಜಡ್ಜರು ನನ್ನ ಕಡೆ, ಒಬ್ಬರು ವಿರುದ್ಧ. ಜ್ಯೂರಿಯನ್ನು ಕೇಳಬೇಕಿದ್ದ ಪ್ರಶ್ನೆ ಕೇಳಿಲ್ಲ, ಶಿಕ್ಷೆ ರದ್ದು. ಬೇಕಾದರೆ ಸರಕಾರ ಮತ್ತೆ ವಿಚಾರಣೆ ಮಾಡಬಹುದು. ನಾನು ತಪ್ಪಿಲ್ಲದವಳು ಎಂದು ಎಲ್ಲೂ ಬರೆದಿಲ್ಲ. ಎರಡು ಸಲ ಹುಡುಕಿದೆ.

ವಿರುದ್ಧ ಬರೆದವರು ಆ ಬಿಳಿಕೂದಲಿನ ಜಡ್ಜಮ್ಮ. 'ಕೇಳಿದ್ದರೂ ಉತ್ತರ ಒಂದೇ ಆಗುತ್ತಿತ್ತು. ಈ ಕತೆಯನ್ನು ಓದಿದ ಯಾರೇ ಆದರೂ ಕೊಳ್ಳುತ್ತಿದ್ದರು' ಎಂದಿದ್ದಾರೆ. ಆ ಪುಟವನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದೆ. ಮಾರ್ಲಿಸ್ ನೋಡಿ, "ನಿನ್ನ ಜೈಲಿಗೆ ಹಾಕ್ಬೇಕು ಅಂದೋರ್ದಾ ಅಂಟಿಸೋದು?" ಎಂದಳು.

ಮಾರ್ಚ್ 9

ಕ್ವಿಗ್ಲಿ ಹೇಳಿ ಕಳಿಸಿದ್ದಾನೆ: ಮತ್ತೆ ಕೇಸು ನಡೆಸುವುದಿಲ್ಲ, ಆದರೆ ಕೊಂಡ ಪ್ರತಿಯೊಬ್ಬರಿಗೂ ನಾನು ಅಂಚೆಯಲ್ಲಿ ನಿಜ ಬರೆದು ಕಳಿಸಬೇಕು. ದುಡ್ಡು ವಾಪಸು ಕೇಳಿದವರಿಗೆ ಕೊಡಬೇಕು. ಸಾವಿರದ ನೂರ ನಲವತ್ತಮೂರು ಕಾಗದ.

"ಮತ್ತೆ ವಿಚಾರಣೆಗೆ ಹೋದ್ರೆ ಈ ಸಲ ಆ ಪ್ರಶ್ನೆ ಕೇಳ್ತಾರೆ" ಎಂದರು ಜೆನೀವಾ. "ಜ್ಯೂರಿ ಏನನ್ನುತ್ತೆ ಅಂತ ನಿಮಗೆ ಅನ್ಸುತ್ತೆ?"

"ತೂಕ ಇತ್ತು ಅನ್ನುತ್ತೆ" ಎಂದೆ. "ಇತ್ತಲ್ಲ."

ಮಾರ್ಚ್ 14, ಭಾನುವಾರ

ಕಾಗದ ಬರೆಯುವುದು ಹರಸಾಹಸ. ಮೊದಲ ಪ್ರತಿಯಲ್ಲಿ ಥೋರಾ ಎರಡು ಪುಟ ನುಂಗಿದಳು. ಎರಡನೆಯದು ಬರೀ ನನ್ನ ಬಸ್ಸಿನ ಸೇವೆಯ ವಿಚಾರ. ಮೂರನೆಯದು ಇದು:

'ಥೋರಾ ಕ್ಲಾಂಡೈಕಿಗೆ ಹೋಗಲಿಲ್ಲ, ಸ್ಪೋಕೇನಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಅವಳ ಹೆಪ್ಪು 1988ರಲ್ಲಿ ಹೋಯಿತು. ಅದು ನನಗೆ ಗೊತ್ತಿತ್ತು. ನಿಮಗೆ ಕಳಿಸಿದ್ದು ಆಮೇಲೆ ನನ್ನ ಕಿಟಕಿಯ ಮೇಲೆ ನಾನು ಮಾಡಿದ್ದು. ಗೊತ್ತಿದ್ದೂ ಸುಳ್ಳು ಹೇಳಿದೆ, ಕ್ಷಮಿಸಿ. ಭಾನುವಾರ ಉಣಿಸುವುದನ್ನು ಮರೆಯಬೇಡಿ.'

ಮಾರ್ಲಿಸ್ ಓದಿದಳು. "ಹೇಗೆ ಹೋಯ್ತು ಅಂತ ಬರೆದಿಲ್ವಲ್ಲ. ನಾನು ತೊಳೆದೆ ಅಂತ ಹಾಕು."

"ಯಾಕೆ? ನೀನು ತೊಳೆದೆ ಅಷ್ಟೆ. ಸುಳ್ಳು ಹೇಳಿದ್ದು ನಾನು."

ಅವಳು ಎದ್ದು ಹೋಗಿ ಸಿಂಕಿನಲ್ಲಿ ನೀರು ಬಿಟ್ಟಳು. ಅಲ್ಲಿ ತೊಳೆಯಲು ಏನೂ ಇರಲಿಲ್ಲ.

ಏಪ್ರಿಲ್ 22

ಉತ್ತರಗಳು ಬರುತ್ತಿವೆ. ದುಡ್ಡು ವಾಪಸು ಕೇಳಿದವರು ಮೂವತ್ತೊಂದು ಜನ. ಟೆಕ್ಸಸಿನ ಒಬ್ಬ ನನ್ನನ್ನು ಹಾವು ಎಂದಿದ್ದಾನೆ, ಕೆಳಗೆ ಹೆಪ್ಪು ತೆಳ್ಳಗಾಗಿದೆ ಏನು ಮಾಡಲಿ ಎಂದು ಕೇಳಿದ್ದಾನೆ. ಹಿಟ್ಟು ಹೆಚ್ಚು ಹಾಕು ಎಂದು ಬರೆದೆ.

ಮೇ 16, ಭಾನುವಾರ

ಮಿಸೆಸ್ ಡೀಟ್ಸ್ ಬರೆದಿದ್ದಾಳೆ. ನೀಲಿ ಶಾಯಿ, ಶಿಕ್ಷಕಿಯ ಅಕ್ಷರ. ಮಾರ್ಲಿಸ್ ಗಟ್ಟಿಯಾಗಿ ಓದಿದಳು, ನಾನು ಹಿಟ್ಟು ಅಳೆಯುತ್ತಿದ್ದೆ.

'ಮಿಸ್ ಹೌಗೆನ್, ನನಗೆ ದುಡ್ಡು ಬೇಡ. ಬೇರೆ ಯಾರಿಗೂ ಹೇಳದ ಒಂದು ಮಾತು ನಿಮಗೆ ಹೇಳಬೇಕು. ನಮ್ಮ ಮನೆಯಲ್ಲೂ ಒಂದು ಜಾಡಿ ಇದೆ. ನನ್ನ ಗಂಡನ ಮನೆತನದ್ದು, ನೂರ ಮೂವತ್ತು ವರ್ಷದ್ದು ಎನ್ನುತ್ತಾರೆ. ಪ್ರತಿ ಕ್ರಿಸ್ಮಸ್ಸಿಗೆ ಅದರಲ್ಲೇ ಬ್ರೆಡ್ಡು. ನಾಲ್ಕು ವರ್ಷದ ಹಿಂದೆ ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಸೊಸೆ, ಪಾಪ, ಮನೆ ಒಪ್ಪ ಮಾಡಲು ಹೋಗಿ ಅದನ್ನು ತೊಳೆದಿಟ್ಟಳು. ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಪೊಟ್ಟಣ ತರಿಸಿ ಜಾಡಿಗೆ ತುಂಬಿದೆ. ನಮ್ಮದಲ್ಲದಿದ್ದರೂ ಹಳೆಯದಾದರೂ ಆಗಿರಲಿ ಎಂದು. ನನ್ನ ಸುಳ್ಳಾದರೂ ಅಸಲಿಯಾಗಿರಲಿ ಎಂದು ನಾನು ಹನ್ನೆರಡು ಡಾಲರ್ ಕೊಟ್ಟಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಮೊಮ್ಮಕ್ಕಳಿಗೆ ಇನ್ನೂ ಏನೂ ಹೇಳಿಲ್ಲ. ಕಳೆದ ಚಳಿಗಾಲ ಅದೂ ಸತ್ತುಹೋಯಿತು. ಇನ್ನೊಂದು ಪೊಟ್ಟಣ ಸಿಗುತ್ತದೆಯೇ?'

ನಾನು ಕೂತುಬಿಟ್ಟೆ. ಕಂದು ಟೋಪಿ, ಆ ಅಳು, ಒಂದೂವರೆ ವರ್ಷ, ಸಿಯಾಟಲ್, ಮೂವರು ಜಡ್ಜರು! ಮೊದಲು ಸಿಟ್ಟು ಬಂತು. ಆಮೇಲೆ ಮಾರ್ಲಿಸ್ ನಗಲು ಶುರುಮಾಡಿದಳು, ನನಗೂ ತಡೆಯಲಾಗಲಿಲ್ಲ, ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಈ ಕಾಗದವನ್ನು ಕ್ವಿಗ್ಲಿಗೆ ಕಳಿಸಬಹುದು. ಪತ್ರಿಕೆಯವನಿಗೂ ಕಳಿಸಬಹುದು. ಆ ಸೊಸೆಯ ಮುಖ ಊಹಿಸಿಕೊಂಡೆ. ಕಾಗದವನ್ನು ಒಲೆಗೆ ಹಾಕಿದೆ. ದೊಡ್ಡದೊಂದು ಪೊಟ್ಟಣ ಕಟ್ಟಿ, ಉಣಿಸುವ ವಿಧಾನ ನಾಲ್ಕು ಸಾಲು ಬರೆದು ಇಟ್ಟೆ. ದುಡ್ಡು ಬೇಡ ಎಂದೆ. ಥೋರಾಳ ಕತೆಯ ಚೀಟಿ ಇಡಲಿಲ್ಲ.

"ಇದನ್ನ ಯಾರಿಗೂ ಹೇಳ್ಬೇಡ" ಎಂದೆ.

"ಹೇಳಲ್ಲ."

"ಆ ಪತ್ರಿಕೆಯವನು ಮತ್ತೆ ಫೋನ್ ಮಾಡಿ ಕೇಳಿದ್ರೆ?"

ಮಾರ್ಲಿಸ್ ಸಿಂಕಿನ ಕಡೆ ನೋಡಿದಳು. ಸುಳ್ಳು ಅವಳಿಗೆ ಬರುವುದಿಲ್ಲ, ಪಾಪ. "ಪಾತ್ರೆ ತೊಳೀತಿದೀನಿ, ಆಮೇಲೆ ಮಾಡು ಅಂತೀನಿ. ಅದು ಯಾವತ್ತಿದ್ರೂ ನಿಜಾನೇ."

ಅಂಚೆ ಪೆಟ್ಟಿಗೆ ನಾಲ್ಕು ಮನೆಯಾಚೆ. ಉಣಿಸುವ ಹೊತ್ತಾಗಿತ್ತು. ಜಾಡಿಯನ್ನು ಅವಳ ಮುಂದಿಟ್ಟು, ಕೋಟು ಹಾಕಿಕೊಂಡು, ನಾನು ಪೊಟ್ಟಣ ಹಾಕಲು ಹೊರಟೆ.